ಏಳು ಹೆಂಗಸರ ಬಂಗಾರ

ಅಕ್ಕನ ಮೊಣಕೈವರೆಗೆ ಮೀನಿನ ಹುರುಪೆ ಒಣಗಿ ಅಂಟಿರುತ್ತಿತ್ತು. ಅಂಕೋಲೆ ಕೋರ್ಟಿಗೂ ಹಾಗೇ ಬಂದಳು. "ತೊಳಕಂಡು ಬರೂಕಾಗ್ಲಿಲ್ವ?" ಅಂದೆ. "ಜಡ್ಜು ಮೂಗು ಮುಚ್ಕಂಡ್ರೆ ಬೇಗ ಬಿಡ್ತಾರೆ" ಅಂದಳು.

ನಮ್ಮೂರು ಅವರ್ಸಾದಲ್ಲಿ ಅವಳು ಪಕ್ಕದ ಮನೆಯವಳು, ಅಕ್ಕ ಅಂತ ಕರೆಯುತ್ತಿದ್ದೆ. ಗಂಡನಿಲ್ಲ, ಮಕ್ಕಳಿಲ್ಲ. ಬಾಯಿ ಜೋರು. ಉಪ್ಪು ಕೇಳಿದರೂ ಬೈದೇ ಕೊಡುವಳು. ನನ್ನ ಎರಡು ಬಳೆ ಅವಳ ತಗಡಿನ ಪೆಟ್ಟಿಗೆಯಲ್ಲಿದ್ದವು. ನಮ್ಮ ಮನೆಯಲ್ಲಿಟ್ಟರೆ ನನ್ನ ಗಂಡ ಒತ್ತೆ ಇಟ್ಟು ಕುಡಿಯುತ್ತಿದ್ದ. ಕಳೆದುಹೋದವು ಎಂದು ಅವನಿಗೆ ಹೇಳಿದ್ದೆ.

ತನ್ನ ತಮ್ಮನ ದೋಣಿ ಎಂಜಿನ್ ಸಾಲಕ್ಕೆ ಅಕ್ಕ ಜಾಮೀನು ಬಿದ್ದಿದ್ದಳು. ತಮ್ಮ ಕಟ್ಟಲಿಲ್ಲ. ಕೋರ್ಟು ನೀನೇ ಕೊಡು ಅಂದಿತು. ಕೊಡದಿದ್ದಾಗ, ನಿನ್ನ ಹತ್ತಿರ ಏನೇನಿದೆ ಬಂದು ಹೇಳು ಎಂದು ಕರೆಸಿತು. ಜೊತೆಗೆ ನಾನು ಹೋದೆ.

ಸಾಲ ಕೊಟ್ಟವನ ವಕೀಲ ಕೊಡ, ಪಾತ್ರೆ, ಪೆಟ್ಟಿಗೆ ಎಲ್ಲ ಕೇಳಿದ. ಮನೆಗೆ ಯಾರು ಯಾರು ಬಂದು ಹೋಗುತ್ತಾರೆ ಎಂದೂ ಕೇಳಿದ.

"ಆಸ್ತಿ ಕೇಳಿ. ಯಾರು ಬಂದರೆ ನಿಮಗೇನು?" ಎಂದರು ಜಡ್ಜು.

"ಪೆಟ್ಟಿಗೆಯಲ್ಲಿ ಬಂಗಾರ ಇದೆಯಾ?" ವಕೀಲ ಕೇಳಿದ.

"ಅದೆ. ನಂದಲ್ಲ. ಏಳು ಹೆಂಗಸರದ್ದು."

"ಹೆಸರು ಹೇಳಿ."

"ಹೇಳೂದಿಲ್ಲ."

ಹೆಸರು ಹೇಳದಿದ್ದರೆ ನಿಮ್ಮದೆಂದೇ ಜಪ್ತಿಯಾದೀತು ಎಂದು ಜಡ್ಜು ತಿಳಿಸಿ ಹೇಳಿದರು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಎದ್ದು ಮಾತಾಡಬಹುದಿತ್ತು. ನಮ್ಮೂರ ಇಬ್ಬರು ಗಂಡಸರು ಪಕ್ಕದಲ್ಲೇ ಕೂತಿದ್ದರು. ನಾನು ಏಳಲಿಲ್ಲ. ಅಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಸಾಯ್ಬ್ರೆ, ಪೆಟ್ಟಿಗೆ ಬಿಡಿ. ಮನೆ ಹಿಂದಿನ ತೆಂಗಿನ ಹಿತ್ತಲು ನಂದೇಯ. ಒಂದು ತಿಂಗಳು ಕೊಡಿ, ಮಾರಿ ಕಟ್ತೆ" ಅಂದಳು.

ಜಡ್ಜು ಒಪ್ಪಿದರು. ವಾಪಸು ಬರುವಾಗ ಬಸ್ಸಿನಲ್ಲಿ, "ನಾನು ಹೇಳಬೇಕಿತ್ತು ಅಕ್ಕ" ಅಂದೆ.

"ಹೇಳಿದ್ರೆ ನಿನ್ನ ಗಂಡ ಕೈ ಮುರೀತಿದ್ದ. ಆಮೇಲೆ ಬಳೆ ಎಲ್ಲಿಗೆ ಹಾಕ್ತಿದ್ದೆ? ಕಾಲಿಗಾ?"

ಹಿತ್ತಲನ್ನು ಸಿಕ್ಕಿದ ದರಕ್ಕೆ ಮಾರಿ ಕಟ್ಟಿದಳು. ಆಮೇಲೆ ಕಾಯಿಯನ್ನೂ ಪೇಟೆಯಿಂದ ತಂದಳು.

ಹಾಸಿಗೆ ಹಿಡಿದಾಗ ನನ್ನನ್ನು ಒಬ್ಬಳನ್ನೇ ಕರೆದು ಬಳೆ ಕೊಟ್ಟಳು. ಉಳಿದವರನ್ನೂ ಹಾಗೇ ಕರೆದಿರಬೇಕು. ಸತ್ತ ದಿನ ಹೆಣದ ಮುಂದೆಯೇ ಜನ, ಏಳು ಹೆಂಗಸರ ಮಾತು ನಂಬದೆ, ಪೆಟ್ಟಿಗೆ ತುಂಬ ಬಂಗಾರ ಇಟ್ಟುಕೊಂಡು ಹಿತ್ತಲು ಮಾರಿದ ಹುಚ್ಚಿ ಎಂದರು. ನನ್ನ ಗಂಡನೂ ಅಂದ. ಸುತ್ತ ನಿಂತ ಹೆಂಗಸರು ಒಬ್ಬರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಈಗ ಗಂಡನೂ ಇಲ್ಲ. ನನ್ನ ಬಳೆಯ ವಿಷಯ ಬರೆದಿದ್ದೇನೆ. ಉಳಿದ ಆರು ಜನ ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.