ಬೇಸ್‌ಬಾಲ್ ಅಂಕಲ್ಲಿಗೆ ನಾನು ಸಂಬಂಧಿಕನಾದದ್ದು

ಏಳು ಬೇಸಿಗೆ ಅಂಕಲ್ ಪಕ್ಕದಲ್ಲೇ ಕುಳಿತು ನೋಡಿದರೂ ಬೇಸ್‌ಬಾಲ್ ನನಗೆ ಅರ್ಥವಾಗಲಿಲ್ಲ. ತಪ್ಪು ಆಟದ್ದಲ್ಲ, ನನ್ನದು. ಚೆಂಡು ಗಾಳಿಯಲ್ಲಿರುವಾಗ ಉಳಿದವರೆಲ್ಲ ಚೆಂಡನ್ನು ನೋಡುತ್ತಿದ್ದರೆ ನಾನು ಅದು ಯಾರ ತಲೆಯ ಮೇಲೆ ಬೀಳಬಹುದು ಎಂದು ಪ್ರೇಕ್ಷಕರನ್ನು ನೋಡುತ್ತಿದ್ದೆ. ನೋಡಿ ಮುಗಿಸಲು ಹೆಚ್ಚು ಹೊತ್ತು ಬೇಕಾಗುತ್ತಿರಲಿಲ್ಲ. ಸ್ಟಾಕ್‌ಹೋಮಿನ ದಕ್ಷಿಣದ ಆ ಮೈದಾನಕ್ಕೆ ಶನಿವಾರ ಬರುತ್ತಿದ್ದವರು ಒಟ್ಟು ಹದಿನೈದು, ಅದರಲ್ಲಿ ಎರಡು ನಾಯಿ.

ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ದಿನಕ್ಕೆ ನಾವು ಅದೇ ಕಡೆಯ ಫ್ಲೆಮಿಂಗ್ಸ್‌ಬರ್ಗ್‌ನಲ್ಲಿ ಮನೆ ಹಿಡಿದೆವು. ಹೆಂಡತಿಗೆ ಅಲ್ಲಿನ ವೈದ್ಯಕೀಯ ವಿಶ್ವವಿದ್ಯಾಲಯದ ಲ್ಯಾಬು; ನನಗೆ ಊರಿನ ಇನ್ನೊಂದು ತುದಿಯ ಕಿಸ್ಟಾದಲ್ಲಿ ಟೆಲಿಕಾಂ ಕೆಲಸ. ಕೆಳಗಿನ ಮನೆಯಲ್ಲಿ ಅವರಿದ್ದರು, ಒಬ್ಬರೇ. ಹುಟ್ಟಿದವರು, ಸತ್ತವರು, ಮದುವೆಯಾದವರು, ಬಿಟ್ಟವರು, ನಮ್ಮಂತೆ ಹೊರಗಿನಿಂದ ಬಂದವರು, ಎಲ್ಲರ ಹೆಸರನ್ನೂ ದಾಖಲಿಸಿ ನಂಬರು ಕೊಡುವ ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದು ನಿವೃತ್ತರಾದವರು. ಯಾರು ಯಾರಿಗೆ ಏನಾಗಬೇಕು ಎಂಬುದನ್ನು ತಪ್ಪಿಲ್ಲದೆ ಬರೆಯುವುದೇ ಅವರ ಜೀವಮಾನದ ಕೆಲಸವಾಗಿತ್ತು.

ಅವರಿಗೆ ಬೇಸ್‌ಬಾಲ್ ಹುಚ್ಚು ಹತ್ತಿದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅಮೆರಿಕದಲ್ಲಿದ್ದ ಸೋದರತ್ತೆಯ ಮನೆಯಲ್ಲಿ ಒಂದು ಬೇಸಿಗೆ ಕಳೆದಾಗ. ವಾಪಸು ಬಂದರೆ ಇಲ್ಲಿ ಯಾರಿಗೂ ಆ ಆಟವೇ ಗೊತ್ತಿಲ್ಲ. ‘ಓ, ಬ್ರೆನ್‌ಬೋಲ್ ತರಹವಾ?’ ಎಂದು ಕೇಳುತ್ತಿದ್ದರಂತೆ. ಅದು ಇಲ್ಲಿನ ಶಾಲೆಯ ಮಕ್ಕಳು ಪಿಕ್‌ನಿಕ್ಕಿನಲ್ಲಿ ಆಡುವ ಆಟ. ಐವತ್ತು ವರ್ಷ ಆ ಒಂದು ಪ್ರಶ್ನೆಯನ್ನು ನುಂಗಿಕೊಂಡೇ ಬದುಕಿದ ಮನುಷ್ಯ. ನಾನಾದರೂ ಬೇರೆ ತರಹ ಕೇಳಿದೆ.

“ಕ್ರಿಕೆಟ್ ತರಹ ಅಲ್ವಾ?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಶನಿವಾರ ಹನ್ನೊಂದಕ್ಕೆ ಕೆಳಗೆ ಬಾ. ಹತ್ತು ಐವತ್ತೈದಕ್ಕೆ ಬಂದರೆ ಒಳ್ಳೆಯದು.”

ಹಾಗೆ ಶುರುವಾಯಿತು. ಆ ಮೈದಾನದಲ್ಲಿ ಆಡುವ ಕ್ಲಬ್ಬಿನ ಸ್ಕೋರು ಬರೆಯುವವರು ಅವರೇ. ಮಡಚುವ ಕುರ್ಚಿ, ಮೂರು ಪೆನ್ಸಿಲ್ಲು, ಫ್ಲಾಸ್ಕು. ಕೈಗೆ ಬಂದ ಚೆಂಡನ್ನು ಆಟಗಾರ ಬಿಟ್ಟರೆ ಅದು ಅವನ ತಪ್ಪೋ ಅಲ್ಲವೋ ಎಂದು ತೀರ್ಮಾನಿಸುವವನು ಸ್ಕೋರು ಬರೆಯುವವನೇ ಎಂದು ತಿಳಿದ ದಿನ ನಾನು ಬೆಚ್ಚಿದೆ. ದುರದೃಷ್ಟ, ಬಿಸಿಲು, ಮನೆಯ ತಾಪತ್ರಯ, ಯಾವುದಕ್ಕೂ ಅಲ್ಲಿ ಕಾಲಮ್ಮಿಲ್ಲ. ಇಂಥ ಆಟವನ್ನು ಜನ ರಜೆಯ ದಿನ ಖುಷಿಗೆಂದು ಆಡುತ್ತಾರಲ್ಲ!

ನಾವೆಲ್ಲ ಅವರನ್ನು ‘ಅಂಕಲ್’ ಎನ್ನುತ್ತಿದ್ದೆವು. ಹಿರಿಯರನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ. ಅವರಿಗೆ ಅದೊಂದು ಕಡತದ ಸಮಸ್ಯೆ.

“ನಾನು ನಿನಗೆ ಹೇಗೆ ಚಿಕ್ಕಪ್ಪ? ನನ್ನ ತಮ್ಮ ಗೋಥೆನ್‌ಬರ್ಗ್‌ನಲ್ಲಿದ್ದಾನೆ. ಅವನಿಗೆ ಮಕ್ಕಳಿಲ್ಲ.”

“ಅದು ಗೌರವಕ್ಕೆ, ಅಂಕಲ್.”

“ಗೌರವಕ್ಕೆ ಬೇರೆ ಕಾಲಮ್ ಇರಬೇಕು,” ಎಂದು ನನ್ನ ಮಗಳತ್ತ ನೋಡಿ ಕಣ್ಣು ಮಿಟುಕಿಸಿದರು. ಆ ತಮ್ಮನೊಂದಿಗೆ ಮಾತು ನಿಂತು ಬಹಳ ವರ್ಷವಾಗಿತ್ತು. ಕಾರಣ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಏಳನೆಯ ಬೇಸಿಗೆಯ ಮೊದಲ ಪಂದ್ಯ. ಮೂರನೆಯ ಇನ್ನಿಂಗ್ಸಿನಲ್ಲಿ ಅವರ ಕೈಯಿಂದ ಪೆನ್ಸಿಲ್ಲು ಜಾರಿತು. ಎತ್ತಿ ಕೊಟ್ಟೆ. ಮತ್ತೆ ಜಾರಿತು. ಮುಖ ನೋಡಿದರೆ ಬಾಯಿಯ ಒಂದು ತುದಿ ಕೆಳಗೆ ಇಳಿದಿತ್ತು. ಜೀವನದುದ್ದಕ್ಕೂ ಆಗದ ಅನಾಹುತಗಳಿಗೆ ತಯಾರಾಗಿದ್ದ ನಾನು, ಆದ ಅನಾಹುತದ ಮುಂದೆ ಫ್ಲಾಸ್ಕು ಹಿಡಿದು ನಿಂತೆ. ಆಂಬುಲೆನ್ಸಿಗೆ ಫೋನ್ ಮಾಡಿದ್ದು ನಾಯಿ ತಂದಿದ್ದ ಹೆಂಗಸು.

ಆಸ್ಪತ್ರೆಯ ಕೌಂಟರಿನಲ್ಲಿ ನರ್ಸ್ ಕೇಳಿದಳು, “ನೀವು ಸಂಬಂಧಿಕರಾ?”

ಬೆಂಗಳೂರಿನಲ್ಲಿ ಐಸಿಯು ಬಾಗಿಲಲ್ಲಿ ‘ನೆರೆಮನೆಯವನು’ ಎಂದರೆ ವಾಚ್‌ಮನ್ ಕೂಡ ತಿರುಗಿ ನೋಡುವುದಿಲ್ಲ. ಅಲ್ಲಿ ನಾನು ಆಫೀಸಿನ ಡ್ರೈವರಿಗೆ ಅಣ್ಣನಾಗಿದ್ದೇನೆ, ಮನೆಯ ಮಾಲೀಕರಿಗೆ ಅಳಿಯನಾಗಿದ್ದೇನೆ. ನಾವ್ಯಾರೂ ಅದನ್ನು ಸುಳ್ಳು ಎಂದುಕೊಳ್ಳುವುದಿಲ್ಲ. ಅದು ಬಾಗಿಲು ತೆಗೆಯುವ ಕ್ರಮ.

“ಹೌದು,” ಎಂದೆ. “ನಮ್ಮ ಅಂಕಲ್.”

ಅವಳು ಬೆಳ್ಳಗಿನ ಅವರನ್ನೂ ಕಪ್ಪಗಿನ ನನ್ನನ್ನೂ ಒಮ್ಮೆ ನೋಡಿದಳು. ಬರೆದುಕೊಂಡಳು. ಈ ದೇಶದಲ್ಲಿ ಮಾತನ್ನು ನಂಬುತ್ತಾರೆ, ಅದೇ ಭಯಂಕರ. ನನ್ನ ಹೆಸರು, ಫೋನ್ ನಂಬರು ‘ಹತ್ತಿರದ ಸಂಬಂಧಿ’ ಎಂಬ ಜಾಗಕ್ಕೆ ಹೋದವು.

ಆಮೇಲೆ ಫೋನುಗಳು ಶುರುವಾದವು. ಕಿಸ್ಟಾದ ಮೀಟಿಂಗ್ ರೂಮಿನಿಂದ ಎದ್ದೆದ್ದು ಹೊರಗೆ ಬರುತ್ತಿದ್ದೆ. ಹಿಂದೆ ಯಾವ ಔಷಧಿ ಒಗ್ಗಿರಲಿಲ್ಲ? ಮತ್ತೆ ಸ್ಟ್ರೋಕ್ ಆದರೆ ಎಷ್ಟರ ಮಟ್ಟಿಗೆ ಚಿಕಿತ್ಸೆ ಮಾಡಬೇಕೆಂದು ಅವರು ಬಯಸುತ್ತಿದ್ದರು? ನನಗೆ ಗೊತ್ತಿದ್ದದ್ದು ಅವರು ಕಾಫಿಗೆ ಸಕ್ಕರೆ ಹಾಕುವುದಿಲ್ಲ ಎಂದು ಮಾತ್ರ.

“ಯಾಕ್ರೀ ಸುಮ್ನೆ ರಿಲೇಟಿವ್ ಅಂತ ಬರೆಸಿದ್ರಿ?” ಎಂದಳು ಹೆಂಡತಿ. “ಇದೇನು ಜಯನಗರದ ನರ್ಸಿಂಗ್ ಹೋಮಾ?”

“ಆಗ ಒಳಗೆ ಬಿಡ್ಲಿ ಅಂತ ಅಂದೆ ಕಣೇ.”

“ಬಿಟ್ರಲ್ಲ ಒಳಗೆ. ಈಗ ಹೊರಗೆ ಬರೋದು ಹೇಗೆ ಅಂತ ಯೋಚ್ನೆ ಮಾಡಿ. ನಮ್ಮ ಪರ್ಮನೆಂಟ್ ರೆಸಿಡೆನ್ಸ್ ಅಪ್ಲಿಕೇಶನ್ ಬೇರೆ ಪೆಂಡಿಂಗ್ ಇದೆ.”

ಅದು ನನಗೆ ಹೊಳೆದೇ ಇರಲಿಲ್ಲ. ಹೊಳೆದ ಮೇಲೆ ಬೇರೇನೂ ಹೊಳೆಯಲಿಲ್ಲ. ‘ಸರ್ಕಾರಿ ದಾಖಲೆಯಲ್ಲಿ ಸುಳ್ಳು ಚಿಕ್ಕಪ್ಪ’ ಎಂಬ ಕೇಸಿನಲ್ಲಿ ಸಂಸಾರ ಸಮೇತ ವಿಮಾನ ಹತ್ತುವುದನ್ನು ಕಣ್ಣಾರೆ ಕಂಡೆ.

ಜೂನ್ ಕೊನೆಗೆ ಆಸ್ಪತ್ರೆಯಲ್ಲಿ ಒಂದು ಸಭೆ ಕರೆದರು. ವೈದ್ಯೆ, ನರ್ಸ್, ಕೊಮ್ಯೂನ್ ಅಂದರೆ ಇಲ್ಲಿನ ನಗರಸಭೆಯಿಂದ ಬಂದ ಆರೈಕೆಯ ಅಧಿಕಾರಿ, ಗಾಲಿಕುರ್ಚಿಯಲ್ಲಿ ಅಂಕಲ್, ಮತ್ತು ಹತ್ತಿರದ ಸಂಬಂಧಿ ನಾನು. ಅವರು ಸ್ವಂತ ಮನೆಗೆ ವಾಪಸು ಹೋಗಬೇಕೋ, ಆರೈಕೆಯ ಮನೆಗೆ ಸೇರಬೇಕೋ ಎಂಬುದು ವಿಷಯ.

“ನಿಮ್ಮ ಮನೆಗೆ ಹೋಗ್ತೀರಾ?” ಎಂದು ಅಧಿಕಾರಿ ಮಂಡಿಯೂರಿ ಕುಳಿತು ಕೇಳಿದಳು.

“ಯಾ,” ಎಂದರು ಅಂಕಲ್. ಹೌದು.

“ಆರೈಕೆಯ ಮನೆಗೆ ಹೋಗ್ತೀರಾ?”

“ಯಾ.”

ಸ್ಟ್ರೋಕ್ ಅವರಿಗೆ ಉಳಿಸಿದ್ದು ಅದೊಂದೇ ಮಾತು. ಕಣ್ಣು ಮಾತ್ರ ಬೇರೆ ಏನನ್ನೋ ಹೇಳಲು ಒದ್ದಾಡುತ್ತಿತ್ತು. ಎಲ್ಲರೂ ನನ್ನ ಕಡೆ ತಿರುಗಿದರು.

“ಅವರಿಗೆ ಬದುಕಿನಲ್ಲಿ ಮುಖ್ಯವಾದದ್ದು ಏನು?” ಎಂದಳು ಅಧಿಕಾರಿ.

“ಬೇಸ್‌ಬಾಲ್,” ಎಂದೆ.

“ಓ, ಬ್ರೆನ್‌ಬೋಲ್ ತರಹವಾ?”

ಅಂಕಲ್ ಕಣ್ಣು ಮುಚ್ಚಿಕೊಂಡರು. ಸಂಬಂಧಿಕನಾಗಿದ್ದರೆ ನಾನು ಅಲ್ಲಿ ರೇಗಬಹುದಿತ್ತು. ಅವರು ಮನೆಗೇ ಬರಲಿ, ಮೈದಾನಕ್ಕೆ ನಾನು ತಳ್ಳಿಕೊಂಡು ಹೋಗುತ್ತೇನೆ ಎಂದು ಹೇಳಬಹುದಿತ್ತು. ಹೇಳಿಯೇಬಿಡೋಣ ಎನಿಸಿತ್ತು. ಅಷ್ಟರಲ್ಲಿ, ನಡುರಾತ್ರಿ ಅವರು ಬಚ್ಚಲಲ್ಲಿ ಬಿದ್ದರೆ, ನಾನು ಹೇಳಿದ್ದಕ್ಕೇ ಬಿದ್ದರೆ, ಎಂಬ ಯೋಚನೆ ಬಂತು. ಇಡೀ ಜೀವನ ಇಂಥ ದಾಖಲೆಗಳನ್ನು ಶುದ್ಧವಾಗಿಟ್ಟ ಮನುಷ್ಯನ ಮುಂದೆ ಕುಳಿತು ಸುಳ್ಳು ಸಂಬಂಧದ ಮೇಲೆ ನಿಜವಾದ ತೀರ್ಮಾನ ಹೇಳಬೇಕಿತ್ತು. ಪ್ರಾಮಾಣಿಕತೆಯಿಂದ ಹೇಳಿದೆನೋ ಪುಕ್ಕಲುತನದಿಂದಲೋ, ಇವತ್ತಿಗೂ ಬೇರ್ಪಡಿಸಲಾರೆ.

“ನಾನು ನಿಜವಾಗಿ ಸಂಬಂಧಿಕನಲ್ಲ. ಮೇಲಿನ ಮನೆಯವನು. ಅವರಿಗೊಬ್ಬ ತಮ್ಮ ಇದ್ದಾರೆ.”

ಯಾರೂ ಬೈಯಲಿಲ್ಲ. ಅಧಿಕಾರಿ ಹಾಳೆಯ ಮೇಲೆ ಒಂದು ಗೆರೆ ಎಳೆದಳು. “ಹೇಳಿದ್ದಕ್ಕೆ ಥ್ಯಾಂಕ್ಸ್,” ಎಂದಳು, ತುಂಬ ಮೃದುವಾಗಿ. “ಹಾಗಾದರೆ ನೀವು ಈಗ ಹೊರಗೆ ಹೋಗಬೇಕಾಗುತ್ತದೆ.”

ಎದ್ದೆ. ಅಂಕಲ್ ತಮ್ಮ ನೆಟ್ಟಗಿದ್ದ ಕೈಯಿಂದ ನನ್ನ ಅಂಗಿಯ ತೋಳು ಹಿಡಿದರು. ಹಿಡಿತದಲ್ಲಿ ಬಲವಿತ್ತು. ನರ್ಸ್ ಒಂದೊಂದೇ ಬೆರಳು ಬಿಡಿಸಿದಳು.

ಆ ದಿನದಿಂದ ಆಸ್ಪತ್ರೆಯವರು ನನಗೆ ಏನನ್ನೂ ಹೇಳಲಿಲ್ಲ. ವಾರ್ಡಿಗೆ ಹೋದರೆ ಹಾಸಿಗೆಯಲ್ಲಿ ಬೇರೆ ಯಾರೋ. ಎಲ್ಲಿಗೆ ಕಳಿಸಿದಿರಿ ಎಂದರೆ, ರೋಗಿಯ ವಿಷಯ ಹೊರಗಿನವರಿಗೆ ಹೇಳುವಂತಿಲ್ಲ ಎಂಬ ನಗುಮುಖದ ಉತ್ತರ. ಆಗಸ್ಟಿನಲ್ಲಿ ಕೆಳಗಿನ ಮನೆ ಖಾಲಿ ಮಾಡಿಸಲು ತಮ್ಮ ಬಂದರು. ಅದೇ ಹಣೆ, ಅದೇ ಮೂಗು. ಅಣ್ಣನನ್ನು ಗೋಥೆನ್‌ಬರ್ಗ್‌ನ ಒಂದು ಆರೈಕೆಯ ಮನೆಗೆ ಸೇರಿಸಿದ್ದೇನೆ ಎಂದರು.

“ನೋಡೋಕೆ ಬರಬಹುದಾ?” ಎಂದೆ.

“ಈಗ ಅವನಿಗೆ ಯಾರ ಗುರುತೂ ಸಿಗೋದಿಲ್ಲ.” ಬೇಡ ಎನ್ನಲಿಲ್ಲ, ವಿಳಾಸವನ್ನೂ ಕೊಡಲಿಲ್ಲ. ನನ್ನ ವಿಳಾಸವನ್ನು ಮಾತ್ರ ಬರೆದುಕೊಂಡರು.

ಮರುವರ್ಷ ಮಾರ್ಚಿನಲ್ಲಿ ಆ ತಮ್ಮನಿಂದ ಒಂದು ಲಕೋಟೆ ಬಂತು. ಒಳಗೆ ಪತ್ರಿಕೆಯಿಂದ ಕತ್ತರಿಸಿದ ಮರಣದ ಪ್ರಕಟಣೆ. ಇಲ್ಲಿ ಅಂಥ ಪ್ರಕಟಣೆಯ ನೆತ್ತಿಯ ಮೇಲೆ ಒಂದು ಪುಟ್ಟ ಚಿತ್ರ ಹಾಕಿಸುವುದು ರೂಢಿ. ಶಿಲುಬೆ, ಹೂವು, ಹಕ್ಕಿ, ಸತ್ತವರಿಗೆ ಪ್ರಿಯವಾದದ್ದು ಏನೋ ಅದು. ಮನೆಯವರು ಆರಿಸುತ್ತಾರೆ.

ಅಂಕಲ್ ಹೆಸರಿನ ಮೇಲೆ ಹಾಯಿದೋಣಿ ಇತ್ತು.

ಬಹುಶಃ ಚಿಕ್ಕಂದಿನಲ್ಲಿ ಅಣ್ಣತಮ್ಮಂದಿರು ಜೊತೆಗೆ ದೋಣಿಯಲ್ಲಿ ಹೋಗಿದ್ದರೇನೋ. ನಾನು ಕಂಡ ಅಂಕಲ್ ಸರೋವರದ ದಂಡೆಯಲ್ಲೂ ನೀರಿಗೆ ಬೆನ್ನು ಹಾಕಿಯೇ ಕೂರುತ್ತಿದ್ದರು.

“ಫೋನ್ ಮಾಡಿ ಹೇಳ್ಲಾ?” ಎಂದೆ. ಲಕೋಟೆಯ ಹಿಂದೆ ನಂಬರಿತ್ತು.

“ಏನಂತ ಹೇಳ್ತೀರ?” ಎಂದಳು ಹೆಂಡತಿ. “ಪ್ರಿಂಟ್ ಆಗ್ಹೋಗಿದೆಯಲ್ರೀ.”

ನಂಬರು ಒತ್ತಿದೆ. ಅತ್ತ ಕಡೆಯಿಂದ ಅಂಕಲ್ ಅವರದೇ ಧ್ವನಿ, ತುಸು ಎಳೆಯದು, ಹಲೋ ಎಂದಿತು.

“ಲಕೋಟೆ ತಲುಪಿತು,” ಎಂದೆ. “ಥ್ಯಾಂಕ್ಸ್.”

“ಚೆನ್ನಾಗಿದೆಯಾ?” ಎಂದು ಕೇಳಿದರು ತಮ್ಮ, ಸ್ವಲ್ಪ ಅಳುಕಿನಿಂದ. “ಯಾವ ಚಿತ್ರ ಹಾಕಿಸಬೇಕು ಅಂತ ಗೊತ್ತಾಗಲಿಲ್ಲ.”

“ಚೆನ್ನಾಗಿದೆ,” ಎಂದೆ.