ಬೀಪಾತುಮ್ಮನ ಮಗನ ಮನೆ ಹುಡುಕಿದ್ದು

ಇಸುಬಾಕನ ಜೊತೆ ಇನ್ನು ಒಮಾನಿನ ಸೂರ್ ಕಡೆಗೆ ಹೋಗುವುದಿಲ್ಲ ಎಂದು ನಾನು ಎಷ್ಟು ಸಲ ಹೇಳಿದ್ದೇನೋ ಅಷ್ಟೂ ಸಲ ಹೋಗಿದ್ದೇನೆ. ಇಲ್ಲಿ ವಾರದ ರಜೆ ಶುಕ್ರವಾರ, ಪೂಜೆಯೂ ಅವತ್ತೇ. ಬೆಳಿಗ್ಗೆ ನನ್ನ ಹೆಂಡತಿ ಲವಿಟಾ ಇಗರ್ಜಿಗೆ ಹೊರಟು ಬಾಗಿಲಲ್ಲಿ ನಿಂತಿರುವಾಗಲೇ ಇಸುಬಾಕನ ಫೋನ್ ಬರುತ್ತದೆ. ನಮ್ಮ ಕಡೆ ಕ್ರಿಸ್ತಾನರನ್ನು ಕರೆಯುವಂತೆ ನನ್ನನ್ನು ಪೊರ್ಬು ಎನ್ನುತ್ತಾರೆ.

“ಪೊರ್ಬುಗಳೇ, ಇವತ್ತೊಂದು ದಿವಸ ಗಾಡಿ ತೆಗೀಬೇಕು ಮಾರಾಯ್ರೆ. ಈ ಸಲ ಪಕ್ಕಾ ಸುದ್ದಿ ಉಂಟು.”

ಪಕ್ಕಾ ಸುದ್ದಿ ಎಂದರೆ ಅಂಗಡಿಗೆ ಬಂದ ಯಾವನೋ ಡ್ರೈವರ್, ಸೂರಿನಿಂದ ಆಚೆ ಒಂದು ಹಳ್ಳಿಯಲ್ಲಿ ಹಿಂದೀ, ಅಂದರೆ ಇಂಡಿಯಾದವರ ಮುಖದ ಒಬ್ಬ ಅರಬನನ್ನು ಕಂಡೆ ಎಂದು ಹೇಳಿದ್ದು. ಲವಿಟಾ ನನ್ನ ಮುಖ ನೋಡಿ ಒಂದು ಮಾತನ್ನೂ ಆಡದೆ ಪಕ್ಕದ ಮನೆಯವರ ಕಾರಿನಲ್ಲಿ ಪೂಜೆಗೆ ಹೋದಳು. ಮಾತಾಡಿದ್ದರೆ ವಾಸಿಯಿತ್ತು. ಮಗಳು ಲಿಯೋನಾ ಮಾತ್ರ ಸೋಫಾದಿಂದಲೇ ಕೇಳಿದಳು: “ಪಪ್ಪಾ, ವೈ ಕಾಂಟ್ ಹಿ ಜಸ್ಟ್ ಗೂಗಲ್ ಇಟ್?”

ಗೂಗಲ್‌ನಲ್ಲಿ ಏನೆಂದು ಹುಡುಕುವುದು? ಇಸುಬಾಕನಿಗೆ ಬೇಕಾಗಿದ್ದದ್ದು ಮುಹಮ್ಮದ್ ಎಂಬ ಒಬ್ಬ ಮನುಷ್ಯನ ಮಕ್ಕಳು ಮೊಮ್ಮಕ್ಕಳು. ಒಮಾನಿನಲ್ಲಿ ಮುಹಮ್ಮದನ ಮೊಮ್ಮಕ್ಕಳನ್ನು ಹುಡುಕುವುದೂ ನಮ್ಮ ಕಿನ್ನಿಗೋಳಿಯಲ್ಲಿ ಡಿಸೋಜನ ಮನೆ ಎಲ್ಲಿ ಎಂದು ಕೇಳುವುದೂ ಒಂದೇ.

ಇಸುಬಾಕ ಎಂದರೆ ಹಮ್ರಿಯಾದ ಒಳಗಲ್ಲಿಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಇಸುಬು. ಊರು ಪಾಣೆಮಂಗಳೂರು. ಕುಚ್ಚಲಕ್ಕಿ, ಒಣಮೀನು, ಬ್ಯಾಡಗಿ ಮೆಣಸು, ಮಳೆಗಾಲದಲ್ಲಿ ಪತ್ರೊಡೆಗೆ ಕೆಸುವಿನ ಎಲೆ, ಇವಕ್ಕೆಲ್ಲ ನಮ್ಮ ಕಡೆಯವರು ದೂರದ ಅಲ್ ಗುಬ್ರಾದಿಂದಲೂ ಅವರ ಅಂಗಡಿಗೇ ಬರುತ್ತಾರೆ. ಅರ್ಧ ಆಯುಷ್ಯ ಇಲ್ಲೇ ಕಳೆದಿದ್ದಾರೆ. ಅರಬ್ಬಿ ನೀರು ಕುಡಿದಂತೆ ಮಾತಾಡುತ್ತಾರೆ. ಆದರೆ ಡ್ರೈವಿಂಗ್ ಲೈಸೆನ್ಸ್ ಮಾತ್ರ ಸಿಗಲಿಲ್ಲ. ಡ್ರಮ್ಮುಗಳನ್ನು ನಿಲ್ಲಿಸಿ ಅವುಗಳ ನಡುವೆ ಗಾಡಿ ಹಿಂದಕ್ಕೆ ತೆಗೆಯಿರಿ ಎಂದಾಗಲೆಲ್ಲ ಇಸುಬಾಕ ಒಂದಾದರೂ ಡ್ರಮ್ ಕೆಡವಿಯೇ ಇಳಿಯುತ್ತಿದ್ದರು. ಆ ಡ್ರಮ್ಮುಗಳ ಶಾಪ ನನ್ನ ಶುಕ್ರವಾರಗಳಿಗೆ ತಟ್ಟಿತು.

ಹುಡುಕಾಟ ಅವರದಲ್ಲ, ಊರಲ್ಲಿರುವ ಅವರ ಉಮ್ಮನದು, ಅಂದರೆ ತಾಯಿಯದು. ಶರೀಫಾ ಎಂದು ಅವರ ಹೆಸರು. ಕಣ್ಣು ಮಂಜಾಗಿದೆ, ಕಿವಿ ಮಂದ, ಧ್ವನಿ ಮಾತ್ರ ಕಂಚು. ಆಕೆ ಲಂಗ ಹಾಕಿಕೊಂಡು ಓಡಾಡುವ ಕಾಲದಲ್ಲಿ ಒಬ್ಬನೇ ಅಣ್ಣ ಮುಹಮ್ಮದ್ ಮಂಗಳೂರು ಬಂದರಿನಿಂದ ಹಂಚು ತುಂಬಿದ ಮಂಜಿ ಎಂಬ ಹಾಯಿಹಡಗು ಹತ್ತಿ ಅಡುಗೆಯವನಾಗಿ ಈ ಕಡೆಗೆ ಬಂದ. ಮಂಜಿ ವಾಪಸು ಹೋಯಿತು, ಅಣ್ಣ ಹೋಗಲಿಲ್ಲ. ಸೂರಿನಿಂದ ಆಚೆ ಎಲ್ಲೋ ಮದುವೆಯಾಗಿದ್ದಾನೆ ಎಂದು ಹಡಗಿನ ಖಲಾಸಿಯೊಬ್ಬ ಬಂದು ಹೇಳಿದ. ಬಹಳ ವರ್ಷದ ಮೇಲೆ ಇನ್ನೊಬ್ಬ ಬಂದು ತೀರಿಕೊಂಡ ಎಂದ. ಅಷ್ಟೇ.

ಸತ್ತದ್ದಕ್ಕೆ ಉಮ್ಮ ಅತ್ತು ಮುಗಿಸಿದ್ದರು. ಕೊರಗು ಬೇರೆಯದು. ಅವರಲ್ಲಿ ಮಣ್ಣು ಮಾಡಿದ ಮೇಲೆ ಕಬರಿನ ಪಕ್ಕ ಒಬ್ಬರು ಕುಳಿತು, ಒಳಗಿರುವವನನ್ನು ಹೆಸರು ಹಿಡಿದು ಕರೆದು, ದೇವದೂತರು ಬಂದು ಕೇಳಿದರೆ ಹೇಳಬೇಕಾದ ಉತ್ತರವನ್ನು ನೆನಪಿಸಿಕೊಡುತ್ತಾರೆ. ಕರೆಯುವುದು ತಾಯಿಯ ಹೆಸರು ಸೇರಿಸಿ. ಇಂಥವಳ ಮಗನೇ ಎಂದು. ತಾಯಿ ಯಾರೆಂದು ಅಲ್ಲಿ ನಿಂತವರಿಗೆ ಗೊತ್ತಿಲ್ಲದಿದ್ದರೆ ಎಲ್ಲರಿಗೂ ತಾಯಿಯಾದ ಹವ್ವಾಳ ಹೆಸರು ಹೇಳಿ, ಹವ್ವಾಳ ಮಗನೇ ಎನ್ನುತ್ತಾರೆ.

“ನನ್ನ ಅಣ್ಣನನ್ನು ಹವ್ವಾಳ ಮಗ ಅಂತ ಕರೆದಿದ್ದಾರೆ ಮೋನೇ,” ಎಂದು ಉಮ್ಮ ಪ್ರತಿ ಶುಕ್ರವಾರ ಫೋನಿನಲ್ಲಿ ಮಗನಿಗೆ ಬ್ಯಾರಿ ಭಾಷೆಯಲ್ಲಿ ಹೇಳುತ್ತಿದ್ದರು. ಸ್ಪೀಕರ್ ಹಾಕದಿದ್ದರೂ ನನಗೆ ಕೇಳುತ್ತಿತ್ತು. “ನಮ್ಮ ಉಮ್ಮ ಏನು ಗೊತ್ತುಗುರಿ ಇಲ್ಲದವಳಾ? ಅವನ ಮಕ್ಕಳು ಇದ್ದರೆ ಹುಡುಕಿ ಹೆಸರು ಹೇಳಿ ಬಾ. ಅವರು ಒಂದು ಸಲ ಕಬರಿಗೆ ಹೋಗಿ ಸರಿಯಾಗಿ ಕರೆಯಲಿ. ಆಮೇಲೆ ನಾನು ನಿಶ್ಚಿಂತೆಯಿಂದ ಹೋಗುತ್ತೇನೆ.”

ಇಸುಬಾಕನ ವೀಸಾ ಆ ತಿಂಗಳಿಗೆ ಮುಗಿಯುತ್ತಿತ್ತು. ಅಂಗಡಿ ಕಫೀಲನ, ಅಂದರೆ ವೀಸಾ ಕೊಟ್ಟ ಅರಬನ ಕೈ ಸೇರುವುದರಲ್ಲಿತ್ತು. ಟಿಕೆಟ್ಟೂ ಆಗಿತ್ತು. ಹೆಸರು ಹೇಳದೆ ಹೋಗಿ ಉಮ್ಮನ ಮುಂದೆ ನಿಲ್ಲುವುದು ಹೇಗೆ ಎಂಬುದೊಂದೇ ಅವರ ತಲೆಯಲ್ಲಿತ್ತು.

ನಾವು ಸುತ್ತದ ಜಾಗವಿಲ್ಲ. ಒಂದು ಕಚೇರಿಯಲ್ಲಿ ಮನೆತನದ ಹೆಸರು ತನ್ನಿ ಎಂದರು. ಅದು ಗೊತ್ತಿದ್ದರೆ ನಾವು ಅಲ್ಲಿಗೆ ಯಾಕೆ ಹೋಗುತ್ತಿದ್ದೆವು? ಮುಹಮ್ಮದ್ ಅಲ್ ಹಿಂದಿ ಎಂದು ಕೇಳಿದರೆ ಒಬ್ಬರು ಗುಜರಾತಿ ಸೇಠರ ಮನೆಗೆ ಕಳಿಸಿದರು, ಇನ್ನೊಬ್ಬರು ಜ್ಯೂಸ್ ಅಂಗಡಿಯ ಮಲಯಾಳಿಯನ್ನು ತೋರಿಸಿದರು. ಆ ಪುಣ್ಯಾತ್ಮ ನಮ್ಮ ಕಥೆ ಪೂರ್ತಿ ಕೇಳಿ, ತನ್ನ ಅಜ್ಜನ ಕಥೆಯನ್ನೂ ಹೇಳಿ, ಜ್ಯೂಸಿಗೆ ದುಡ್ಡು ತೆಗೆದುಕೊಂಡ.

ಆ ಶುಕ್ರವಾರವೂ ಹಾಗೇ ಶುರುವಾಯಿತು. ಕುರಿಯಾತ್ ದಾಟಿ, ಬಲಗಡೆ ಬೋಳು ಬೆಟ್ಟ, ಎಡಗಡೆ ಸಮುದ್ರ ನೋಡುತ್ತಾ ಹೋದೆವು. ಜುಮಾ ನಮಾಜಿಗೆ ಇಸುಬಾಕ ದಾರಿಯ ಮಸೀದಿಗೆ ಹೋದರು. ಇಗರ್ಜಿ ತಪ್ಪಿಸಿಕೊಂಡ ನಾನು ಮಸೀದಿಯ ಹೊರಗೆ ಎಸಿ ಹಾಕಿಕೊಂಡು ಕಾದೆ. ಹಳ್ಳಿ ತಲುಪಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಡ್ರೈವರ್ ಹೇಳಿದ ಹಿಂದೀ ಮುಖದ ಅರಬ ಸಿಕ್ಕಿದ. ಆದರೆ ಅವನು ಬಲೂಚಿ. ನಗುತ್ತಲೇ ಬಾಗಿಲು ಹಾಕಿಕೊಂಡ.

ಎದುರಿಗೆ ಒಂದು ಚಹಾದಂಗಡಿ. ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬ ಮುದುಕ ಕೋಲು ಊರಿಕೊಂಡು ಕುಳಿತಿದ್ದ. ಇಸುಬಾಕ ಅವನ ಹತ್ತಿರ ಹೋಗಿ ಮತ್ತೆ ಅದೇ ಪಾಠ ಒಪ್ಪಿಸಿದರು. ತಾನು ಯೂಸುಫ್, ಹಿಂದೂಸ್ತಾನದ ಮಂಗಳೂರಿನವನು, ಮಾವ ಮುಹಮ್ಮದ್. ಮುದುಕ ಅಂಗೈ ಮೇಲೆ ಮಾಡಿ ತೋರಿಸಿದ. ಗೊತ್ತಿಲ್ಲ.

ಯೂಸುಫ್ ಎಂಬುದು ಅವರ ಪಾಸ್‌ಪೋರ್ಟ್ ಹೆಸರು. ಶಾಲೆಯಲ್ಲಿ ಅವರು ಇಸುಬು ಬ್ಯಾರಿ. ಮೇಷ್ಟ್ರು ಇಸುಬು ಎನ್ನದೆ “ಏ ಬ್ಯಾರಿ” ಎಂದೇ ಕರೆಯುತ್ತಿದ್ದರಂತೆ. ನಮ್ಮ ಕಡೆ ಆ ಪದ ಒಂದು ಸಮುದಾಯದ ಹೆಸರೂ ಹೌದು, ಹೇಳುವವನ ಬಾಯಿ ನೋಡಿಕೊಂಡು ಬೈಗುಳವೂ ಹೌದು. ಹಾಗಾಗಿ ಇಸುಬಾಕ ಪಾಸ್‌ಪೋರ್ಟ್ ಮಾಡಿಸುವಾಗ ಬ್ಯಾರಿಯನ್ನು ಕಿತ್ತು ಹಾಕಿ, ಇಸುಬುವನ್ನೂ ತಿದ್ದಿ ನೀಟಾಗಿ ಯೂಸುಫ್ ಆದರು. ನಾನು ತಮಾಷೆಗೆ ಬ್ಯಾರಿಗಳೇ ಎಂದರೂ ಅರ್ಧ ಗಂಟೆ ಮುಖ ಊದಿಸುತ್ತಾರೆ. ನನ್ನನ್ನು ಪೊರ್ಬು ಎನ್ನುವಾಗ ಮಾತ್ರ ಏನೂ ಇಲ್ಲ.

“ಹೋಗುವ ಇಸುಬಾಕ,” ಎಂದೆ. “ಸಾಕು.”

“ಇನ್ನೊಂದು ಮನೆ ಕೇಳುವ. ಅಗೋ, ಅಲ್ಲಿ ಹಸಿರು ಗೇಟಿದ್ದು ಉಂಟಲ್ಲ.”

“ಗೇಟು ಹಸಿರು ಇದ್ರೆ ನಿಮ್ಮ ಮಾವನ ಮನೆಯಾ?”

“ನಿಮಗೆ ಎಂತ ಆಗ್ಬೇಕು ಪೊರ್ಬುಗಳೇ. ನಿಮ್ಮ ಉಮ್ಮನಾ ಕೇಳುದು?”

ನನ್ನ ತಲೆ ಕೆಟ್ಟಿತು. ಪೂಜೆ ತಪ್ಪಿತ್ತು, ಊಟ ತಪ್ಪಿತ್ತು, ಮನೆಯಲ್ಲಿ ಲವಿಟಾಳ ಮೌನ ಕಾಯುತ್ತಿತ್ತು. ಇಡೀ ಬೀದಿಗೆ ಕೇಳುವಂತೆ ಕಿರುಚಿದೆ.

“ಓ ಬ್ಯಾರಿ! ಬರ್ತೀರಾ ಇಲ್ವಾ? ಬ್ಯಾರಿಗಳೇ, ಯಲ್ಲಾ!”

ಇಸುಬಾಕನ ಮುಖ ಕಪ್ಪಿಟ್ಟಿತು. ಆದರೆ ಕುರ್ಚಿಯ ಮುದುಕ ಕೋಲು ಎತ್ತಿ ನೆಲಕ್ಕೆ ಕುಟ್ಟಿದ.

“ಬಯಾರಿ?” ಎಂದ ಅರಬ್ಬಿಯಲ್ಲಿ. “ಬಯಾರಿಯ ಮನೆ ಬೇಕೆಂದು ಮೊದಲೇ ಹೇಳಬಾರದೇ? ಮಂಜಿಯ ಅಡುಗೆಯವನು. ಅವನ ಕೈಯ ಮೀನು ನಾನೂ ತಿಂದಿದ್ದೇನೆ. ಈಗ ಆ ಮನೆಯವರು ಬಹ್ರಿ ಎಂದು ಬರೆದುಕೊಳ್ಳುತ್ತಾರೆ. ಸಮುದ್ರದವರು ಎಂದು. ಅಗೋ, ನೀರಿನ ಟ್ಯಾಂಕಿನ ಹಿಂದೆ.”

ನಾನು ಇಸುಬಾಕನ ಮುಖ ನೋಡಿದೆ. ಯಾವ ಒಂದು ಪದವನ್ನು ಬಾಯಿಗೆ ತರಬಾರದೆಂದು ಈ ಮನುಷ್ಯ ಜೀವಮಾನವಿಡೀ ನಾಲಗೆ ಬಿಗಿಹಿಡಿದಿದ್ದರೋ, ಮಾವ ಅದನ್ನೇ ಹೇಳಿಕೊಂಡು ಇಲ್ಲಿ ಬದುಕಿದ್ದ. ನನ್ನ ಎಷ್ಟು ಪೆಟ್ರೋಲ್ ಉರಿಯಿತು ಎಂದು ನೆನೆದು ಸಿಟ್ಟು ಬಂತು. ಇಸುಬಾಕನ ಕಣ್ಣಲ್ಲಿ ನೀರು ಕಂಡು ಕಾರಿನ ಬಾಗಿಲು ತೆರೆದೆ.

ಬಾಗಿಲು ತೆರೆದವನು ಖಲ್ಫಾನ್, ಮುಹಮ್ಮದನ ಮಗಳ ಮಗ. ನನ್ನ ವಯಸ್ಸಿನವನೇ. ಇಸ್ತ್ರಿ ಮುರಿಯದ ಬಿಳಿ ನಿಲುವಂಗಿ. ಹೊರಗೆ ಚಾಚಿದ ಕಿವಿಗಳಂತೂ ಇಸುಬಾಕನವೇ. ಒಳಗೆ ಕರೆದು ಕೂರಿಸಿ ಖರ್ಜೂರ ಇಟ್ಟ, ಹಲ್ವಾ ಇಟ್ಟ, ಸಣ್ಣ ಬಟ್ಟಲಿಗೆ ಅರಬರ ಕಾಫಿ, ಕಾವಾ ಸುರಿದ. ಇಸುಬಾಕ ಎಲ್ಲವನ್ನೂ ಹೇಳಿದರು. ಹಂಚಿನ ಮಂಜಿ, ತಂಗಿ ಶರೀಫಾ, ಬಂದು ಹೇಳಿದ ಖಲಾಸಿ. ಖಲ್ಫಾನ್ ನಡುವೆ ಬಾಯಿ ಹಾಕದೆ ಕೇಳಿದ. ಕೊನೆಗೆ ಹಿಂದಿಯಲ್ಲಿ, ನನಗೂ ಪೂರ್ತಿ ತಿಳಿಯಲಿ ಎಂದೇ ಇರಬೇಕು, ಮೆತ್ತಗೆ ಹೇಳಿದ.

“ನೀವು ಒಳ್ಳೆಯವರು. ಆದರೆ ಮನೆ ತಪ್ಪಿ ಬಂದಿದ್ದೀರಿ. ನನ್ನ ಅಜ್ಜ ಬಹ್ರಿ. ಈ ಸಮುದ್ರದವನು. ಹಿಂದೂಸ್ತಾನದವನಲ್ಲ.”

“ಚಹಾದಂಗಡಿ ಹತ್ರ ಅಜ್ಜ ಒಬ್ರು…” ಎಂದು ಇಸುಬಾಕ ಹಿಂದಿಯಲ್ಲೇ ಶುರುಮಾಡಿದರು.

“ಅವರಿಗೆ ವಯಸ್ಸಾಯಿತು,” ಎಂದು ಖಲ್ಫಾನ್ ಬಟ್ಟಲಿಗೆ ಮತ್ತೆ ಕಾವಾ ಸುರಿದ. ಇಸುಬಾಕ ಬಾಯಿ ತೆರೆದಾಗಲೆಲ್ಲ ಖಲ್ಫಾನ್ ಹೂಜಿ ಎತ್ತುತ್ತಿದ್ದ. ಮರ್ಯಾದೆಯಿಂದ ಬಾಯಿ ಮುಚ್ಚಿಸುವುದನ್ನು ನಾನು ಅಲ್ಲಿ ಕಂಡೆ. ನಮ್ಮೂರಲ್ಲಾದರೆ ಜಗಳ ಮಾಡಬಹುದಿತ್ತು. ಹಲ್ವಾ ಕೊಟ್ಟವನ ಜೊತೆ ಏನೆಂದು ಜಗಳ ಮಾಡುವುದು?

“ನನಗೆ ಆಸ್ತಿ ಬೇಡ, ಏನೂ ಬೇಡ,” ಎಂದರು ಇಸುಬಾಕ. “ಒಂದು ಹೆಸರು ಹೇಳಿ ಹೋಗ್ತೇನೆ.”

“ನನ್ನ ಮಗಳಿಗೆ ಸಂಬಂಧ ಬಂದಿದೆ,” ಎಂದ ಖಲ್ಫಾನ್. “ದೊಡ್ಡ ಮನೆತನ. ಅವರು ಎಲ್ಲ ವಿಚಾರಿಸುತ್ತಾರೆ.” ಅಷ್ಟು ಹೇಳಿ ನೆಲ ನೋಡಿದ.

ಅಲ್ಲಿಗೆ ಅರ್ಥವಾಯಿತು. ಇಸುಬಾಕ ಸಾಕು ಎಂಬಂತೆ ಬಟ್ಟಲನ್ನು ಅಲುಗಾಡಿಸಿ ಕೆಳಗಿಟ್ಟರು. ಒಳಕೋಣೆಯ ಪರದೆಯ ಹಿಂದೆ ಯಾರೋ ಕೆಮ್ಮಿದ್ದು ಕೇಳಿತು.

ಕಾರು ಸ್ಟಾರ್ಟ್ ಮಾಡಿದ್ದೆ. ಖಲ್ಫಾನ್ ಬರಿಗಾಲಲ್ಲಿ ಬಿಸಿ ಮಣ್ಣಿನ ಮೇಲೆ ಓಡಿ ಬಂದು ಇಸುಬಾಕನ ಕಿಟಕಿ ತಟ್ಟಿದ.

“ನಾನು ಕೇಳುತ್ತಿಲ್ಲ. ನನ್ನ ತಾಯಿ ಕೇಳುತ್ತಿದ್ದಾಳೆ,” ಎಂದ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಆಚೀಚೆ ಕಣ್ಣು ಹಾಯಿಸುತ್ತಾ. “ಅಜ್ಜನನ್ನು ಮಣ್ಣು ಮಾಡಿದಾಗ ಹವ್ವಾಳ ಮಗನೇ ಎಂದು ಕರೆದರಂತೆ. ಅವಳಿಗೆ ಅದು ಇವತ್ತಿನವರೆಗೂ ಸಂಕಟ. ನಿಮ್ಮ ಮಾವನ ತಾಯಿಯ ಹೆಸರೇನು?”

ಇಸುಬಾಕ ಬೆನ್ನು ನೆಟ್ಟಗೆ ಮಾಡಿ, ಬಹಳ ಶುದ್ಧವಾಗಿ ಹೇಳಿದರು: “ಫಾತಿಮಾ.”

“ಫಾತಿಮಾ,” ಎಂದ ಖಲ್ಫಾನ್. “ಖಲಾಸ್. ದಯವಿಟ್ಟು ಇನ್ನು ಬರಬೇಡಿ.”

ಗೇಟು ಮುಚ್ಚಿತು. ಹೆದ್ದಾರಿ ಸೇರಿದೆವು. ನನ್ನೊಳಗೆ ಸಿಟ್ಟು, ಮರುಕ ಎಲ್ಲ ಕಲಸಿ ಹೋಗಿತ್ತು. ಆದರೂ ಇನ್ನು ಸೂರ್ ಇಲ್ಲ, ಮುಂದಿನ ವಾರ ಲವಿಟಾಳ ಜೊತೆ ಪೂಜೆ ಎಂದು ಒಂದು ಸಮಾಧಾನವಿತ್ತು. ಆಗ ಉಮ್ಮನ ಫೋನ್ ಬಂತು.

“ಸಿಕ್ಕಿದರಾ ಮೋನೇ?”

“ಸಿಕ್ಕಿದ್ರು ಉಮ್ಮಾ. ನಾವು ಅವರ ಜನ ಅಲ್ಲ ಅಂತ ಹೇಳಿದ್ರು. ಆದ್ರೆ ಹೆಸರು ಕೇಳಿಕೊಂಡ್ರು. ಮಾಮನ ಮಗಳೇ ಕೇಳಿ ಕಳಿಸಿದ್ದು.”

ಆ ಕಡೆ ಉಮ್ಮ ಅಳುತ್ತಿದ್ದರು. ಆಮೇಲೆ ಮೂಗೆಳೆದುಕೊಂಡು ಕೇಳಿದರು: “ಏನು ಹೇಳಿದೆ?”

“ಫಾತಿಮಾ ಅಂತ.”

“ಯಾವ ಫಾತಿಮಾ?” ಉಮ್ಮನ ಧ್ವನಿ ಕಾರಿನ ತುಂಬ ಮೊಳಗಿತು. “ನನ್ನ ಉಮ್ಮ ಬೀಪಾತುಮ್ಮ! ಹುಟ್ಟಿದಾಗಿಂದ ಕಬರಿಗೆ ಇಳಿಯುವವರೆಗೆ ಬೀಪಾತುಮ್ಮ! ನಿನ್ನನ್ನು ನೀನು ತಿದ್ದಿಕೊಂಡದ್ದು ಸಾಲದು ಅಂತ ನನ್ನ ಉಮ್ಮನನ್ನೂ ತಿದ್ದಿದೆಯಾ? ಊರಿಗೊಬ್ಬಳು ಫಾತಿಮಾ ಇದ್ದಾಳೆ. ನನ್ನ ಅಣ್ಣನಿಗೆ ತನ್ನನ್ನೇ ಕರೆಯುವುದು ಅಂತ ಹೇಗೆ ಗೊತ್ತಾಗಬೇಕು?”

ಇಸುಬಾಕ ಫೋನನ್ನು ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿದರು.

“ಗಾಡಿ ತಿರುಗಿಸಿ ಜೋಸ್ಟನ್.”

“ಇನ್ನು ಬರಬೇಡಿ ಅಂದಿದ್ದಾನೆ ಇಸುಬಾಕ. ಅವನ ಮಗಳ ಮದುವೆ…”

“ಗೊತ್ತುಂಟು. ತಿರುಗಿಸಿ.”

ನನಗೆ ತಲೆಯನ್ನು ಸ್ಟೇರಿಂಗಿಗೆ ಚಚ್ಚಿಕೊಳ್ಳುವಷ್ಟು ರೋಸಿಹೋಗಿತ್ತು. ತಿರುಗಿಸಿದೆ.

ನೀರಿನ ಟ್ಯಾಂಕಿನ ಹಿಂದೆ ಕಾರು ನಿಲ್ಲುವ ಮೊದಲೇ ಇಸುಬಾಕ ಇಳಿದರು. ಗೇಟು ಮುಚ್ಚಿಯೇ ಇತ್ತು. ಅವರು ಬೆಲ್ ಒತ್ತಲಿಲ್ಲ, ಬಾಗಿಲು ಬಡಿಯಲಿಲ್ಲ. ಪರದೆಯ ಹಿಂದೆ ಕೆಮ್ಮಿದವರಿಗೆ ಕೇಳಲಿ ಎಂದು, ಆ ಕೋಣೆಯ ಕಿಟಕಿಯ ನೇರಕ್ಕೆ ಗೋಡೆಗೆ ಕೈ ಊರಿ ನಿಂತು ಅರಬ್ಬಿಯಲ್ಲಿ ಕೂಗಿದರು.

“ಅಕ್ಕಾ, ನಾನು ಇಸುಬು ಬ್ಯಾರಿ. ಆಗ ಹೇಳಿದ ಹೆಸರು ತಪ್ಪು. ಅವರ ಹೆಸರು ಬೀಪಾತುಮ್ಮ.”

ಅವರು ಇನ್ನೊಮ್ಮೆ ಕೂಗಲು ಉಸಿರೆಳೆದುಕೊಂಡರು. ಅಷ್ಟರಲ್ಲಿ ಕಿಟಕಿಯಿಂದ ಒಂದು ಮುದಿ ಹೆಣ್ಣಿನ ಧ್ವನಿ, ಗೊತ್ತಿಲ್ಲದ ದಾರಿಯಲ್ಲಿ ಹೆಜ್ಜೆ ಇಡುವವರ ಹಾಗೆ, ನಿಧಾನವಾಗಿ ಹೇಳಿತು.

“ಬೀ… ಬಾ…ತುಮ್ಮ?”

“ಪಾ,” ಎಂದರು ಇಸುಬಾಕ ಗೋಡೆಗೆ ಹಣೆ ಹಚ್ಚಿ. “ಪಾ, ಅಕ್ಕಾ. ಬೀಪಾತುಮ್ಮ.”

ಅರಬ್ಬಿಯಲ್ಲಿ ಪಕಾರವಿಲ್ಲ. ಆ ಮುದುಕಿ ಎಷ್ಟು ಸಲ ಹೇಳಿದರೂ ಅದು ಬಾ ಆಗುತ್ತಿತ್ತು. ಇಸುಬಾಕ ಎಷ್ಟು ಸಲವಾದರೂ ತಿದ್ದುತ್ತಿದ್ದರು. ನಾನು ಇಂಜಿನ್ ಆಫ್ ಮಾಡಿದೆ.