ಅಮ್ಮನಿಗೆ ಸಿಕ್ಕ ತವರು

ಆಗೆಲ್ಲ ದೊಡ್ಡಬಳ್ಳಾಪುರದ ಯಾವ ಬೀದಿಗೆ ಹೋದರೂ ಮಗ್ಗದ ಸದ್ದು. ಆ ಸದ್ದಿನ ನಡುವೆಯೇ ನಮ್ಮಪ್ಪನ ವಕೀಲಿಕೆ ನಡೆಯುತ್ತಿತ್ತು. ಜಗುಲಿಯೇ ಆಫೀಸು. ಚಳಿಗಾಲ ಬಂತೆಂದರೆ ಹಳ್ಳಿಯ ಕಕ್ಷಿದಾರರು ಫೀಸಿನ ಜೊತೆಗೆ ಅವರೆಕಾಯಿ ಹೊತ್ತು ತರುತ್ತಿದ್ದರು. ಕಾನೂನು ಪುಸ್ತಕಗಳಿಗೂ ಅವರೆಯ ಸೊಗಡು ಹತ್ತಿರುತ್ತಿತ್ತು. ಕುಂಟೆಬಿಲ್ಲೆ ಬಿಟ್ಟು ಕಾಯಿ ಸುಲಿಯಲು ಕೂರಬೇಕಾದ್ದರಿಂದ ನನಗೆ ಕಕ್ಷಿದಾರರೆಂದರೆ ಅಷ್ಟಕ್ಕಷ್ಟೆ.

ಮುನಿಯಮ್ಮ ಮಾತ್ರ ನನಗೆ ಇಷ್ಟ. ಮಾಕಳಿದುರ್ಗದ ಕಡೆಯವರು, ಹಣೆತುಂಬ ಕುಂಕುಮ. ಅವರ ಹೊಲಕ್ಕೆ ಹೋಗುವ ಬಂಡಿದಾರಿಗೆ ಪಕ್ಕದ ಜಮೀನಿನ ಪಿಳ್ಳಪ್ಪ ಕಲ್ಲು ನೆಟ್ಟು ಮುಚ್ಚಿಬಿಟ್ಟಿದ್ದ. ಆ ಕೇಸು ಅಪ್ಪನದು. “ಗೆದ್ದೇ ಗೆಲ್ತೀವಿ ಕಣಮ್ಮ” ಎಂದು ಅಪ್ಪ ಪ್ರತಿಸಲ ಹೇಳಿ ಕಳಿಸುತ್ತಿದ್ದರು.

ಆ ವರ್ಷ ಅವರೆಯ ಕಾಲಕ್ಕೇ ಎಲೆಕ್ಷನ್ ಬಂತು, ಅಪ್ಪನಿಗೆ ಟಿಕೆಟ್ ಸಿಕ್ಕಿತು. ಅಮ್ಮ ನನ್ನ ಕೈಹಿಡಿದು ಮನೆಮನೆಗೆ ಓಟು ಕೇಳಲು ಹೊರಟಳು. ಮುನಿಯಮ್ಮ ತಮ್ಮ ಮನೆಯಲ್ಲಿ ನಮ್ಮನ್ನು ಕೂರಿಸಿ ಮಜ್ಜಿಗೆ ಕೊಟ್ಟು, ಓಟಿನ ವಿಷಯ ಬಿಟ್ಟು ಬೇರೆಯದನ್ನೇ ಕೇಳಿದರು.

“ನಿನ್ ತವರೆಲ್ಲವ್ವ?”

“ಯಾರೂ ಇಲ್ಲಮ್ಮ. ಅಪ್ಪ ಅಮ್ಮ ನಾನು ಚಿಕ್ಕೋಳಿದ್ದಾಗ್ಲೇ ಹೋಗ್ಬಿಟ್ರು.”

ಮುನಿಯಮ್ಮ ಎದ್ದು ಒಳಗೆ ಹೋಗಿ ಅಕ್ಕಿ, ಬೆಲ್ಲ, ಕೊಬ್ಬರಿ, ವೀಳ್ಯದೆಲೆ ತಂದರು. ಅಮ್ಮನನ್ನು ಮಣೆಯ ಮೇಲೆ ಕೂರಿಸಿ ಮಡಿಲು ತುಂಬಿದರು. “ಇನ್ ಮ್ಯಾಲೆ ಇದೇ ನಿನ್ ತವರು. ಗೌರಿ ಹಬ್ಬಕ್ಕೆ ಬಾಗ್ನ ನಾನ್ ತತ್ತೀನಿ.” ಅಮ್ಮ ಸೆರಗಿನ ಗಂಟು ಹಿಡಿದುಕೊಂಡೇ ದಾರಿಯುದ್ದಕ್ಕೂ ಅತ್ತಳು. ಮಾರನೆಯ ದಿನ ಆ ಅಕ್ಕಿಯಲ್ಲಿ ಪಾಯಸ ಮಾಡಿದಳು. ಅಪ್ಪ ಕೇಳಿ ಕೇಳಿ ಹಾಕಿಸಿಕೊಂಡರು.

ಅಪ್ಪ ಗೆದ್ದರು. ಮೆರವಣಿಗೆಯ ಜೀಪಿನಲ್ಲಿ ಅವರ ಪಕ್ಕ ನಿಂತು ಕೈಮುಗಿಯುತ್ತಿದ್ದವನು ಪಿಳ್ಳಪ್ಪ. ಆ ಕಡೆಯ ಹಳ್ಳಿಗಳ ಓಟು ಹಾಕಿಸಿದವನು ಅವನೇ ಎಂಬುದು ನಮಗೆ ಗೊತ್ತಾಗಿದ್ದು ಆಗ.

ಬೇಸಿಗೆಯಲ್ಲಿ ಮುನಿಯಮ್ಮ ಕೇಸು ಏನಾಯಿತೆಂದು ಕೇಳಲು ಬಂದರು. ಜಗುಲಿಯ ಕುರ್ಚಿಯಲ್ಲಿ ಪಿಳ್ಳಪ್ಪ ಕೂತಿದ್ದ.

“ಕೋರ್ಟು ಕಚೇರಿ ಅಂತ ಎಷ್ಟು ದಿನ ಅಲೀತೀಯಮ್ಮ? ರಾಜಿ ಆಗ್ಬಿಡು” ಎಂದರು ಅಪ್ಪ. “ಕೆರೆ ಏರಿ ಮೇಲೆ ಸುತ್ಕೊಂಡು ಹೋದ್ರೆ ಏನಾಗುತ್ತೆ?”

“ಗೆದ್ದೇ ಗೆಲ್ತೀವಿ ಅಂತಿದ್ರಲ್ಲ ಲಾಯರಪ್ಪ.”

“ಆಗ ನಾನು ಲಾಯರು. ಈಗ ಎಲ್ರಿಗೂ ಬೇಕಾದೋನು.”

ಪಿಳ್ಳಪ್ಪ ನಕ್ಕ. ಮುನಿಯಮ್ಮ ರಾಜಿ ಪತ್ರದಲ್ಲಿ ಅಪ್ಪ ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿ ಹೋದರು. ಬಾಗಿಲ ಹಿಂದೆ ಅಮ್ಮನ ಪಕ್ಕ ನಿಂತಿದ್ದ ನನಗೆ ಮುಖ ಸುಟ್ಟಹಾಗಾಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಅದರ ಅರ್ಥ ನನ್ನ ಮನೆಯಲ್ಲೇ ಸಿಕ್ಕಿತು. ‘ಎಮ್ಮೆಲ್ಲೆ ಮಗಳು’ ಎಂದು ಮೇಷ್ಟ್ರು ಮುಂದಿನ ಬೆಂಚಿನಲ್ಲಿ ಕೂರಿಸಿದಾಗಲೆಲ್ಲ ನಾಚಿಕೆಯಿಂದ ತಲೆ ತಗ್ಗಿಸುತ್ತಿದ್ದೆ. ಮೇಷ್ಟ್ರು ಅದನ್ನು ವಿನಯ ಎಂದುಕೊಂಡರು.

ಗೌರಿ ಹಬ್ಬದ ಬೆಳಿಗ್ಗೆ ಮುನಿಯಮ್ಮ ಬಾಗಿನದ ಮೊರ ಹೊತ್ತು ಬಾಗಿಲಿಗೆ ಬಂದರು. ಅವರು ಬರುತ್ತಾರೆಂದು ಅಮ್ಮ ಅಂದುಕೊಂಡಿರಲಿಲ್ಲ.

“ಯಾವ ಮುಖ ಇಟ್ಕೊಂಡು ಈಸ್ಕೊಳ್ಳಲಮ್ಮ?”

“ಅದು ಅವ್ರ ಯವಾರ ಕಣವ್ವ. ಮಡ್ಲು ತುಂಬ್ದೋಳು ನಾನಲ್ವಾ? ತಗೋ.”

ಅಮ್ಮ ಸೆರಗೊಡ್ಡಿ ತೆಗೆದುಕೊಂಡಳು. ಊಟ ಮಾಡಿಕೊಂಡು ಹೋಗಿ ಎಂದು ಕೈಹಿಡಿದಳು. “ದನಕ್ಕೆ ಹುಲ್ ತರ್ಬೇಕು. ಏರಿ ಮ್ಯಾಲೆ ಸುತ್ಕೊಂಡ್ ಹೋಗ್ಬೇಕಲ್ಲವ್ವ, ಹೊತ್ತಾಯ್ತದೆ” ಎಂದರು ಮುನಿಯಮ್ಮ. ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು.

ಮಧ್ಯಾಹ್ನ ಎಲೆಯ ಮುಂದೆ ಕೂತ ಅಪ್ಪ, ಯಾರು ಬಂದಿದ್ದರು ಎಂದು ಕೇಳಿದರು.

“ನಮ್ ತವರಿನೋರು” ಎಂದಳು ಅಮ್ಮ.

ಅಪ್ಪ ಮುರಿದ ಒಬ್ಬಟ್ಟನ್ನು ಬಾಯಿಗಿಡದೆ ಎದ್ದು ಕೈತೊಳೆದರು.

ಈಗ ಆ ಹೊಲಗಳೆಲ್ಲ ಸೈಟುಗಳಾಗಿವೆ, ಅಗಲವಾದ ಟಾರು ರಸ್ತೆ ಬಂದಿದೆ. ಅಪ್ಪನ ಹೆಸರು ಹೇಳಿದರೆ ತಾಲ್ಲೂಕಿನಲ್ಲಿ ಇವತ್ತಿಗೂ ನನಗೆ ಕುರ್ಚಿ ಹಾಕುತ್ತಾರೆ. ಕೂರಲು ಮನಸ್ಸಾಗುವುದಿಲ್ಲ. ವಕೀಲರಾಗಿದ್ದಾಗ ಅಪ್ಪ ದಿನಾ ಊಟದ ಹೊತ್ತಿಗೆ ಒಂದು ಕೇಸಿನ ಕಥೆ ಹೇಳಿ, “ನೀನ್ ಹೇಳು, ಯಾರ ಕಡೆ ನ್ಯಾಯ?” ಎಂದು ಅಮ್ಮನನ್ನು ಕೇಳುತ್ತಿದ್ದರು. ಆ ಹಬ್ಬದ ನಂತರವೂ ಅವರಿಬ್ಬರು ಎಷ್ಟೋ ವರ್ಷ ಜೊತೆಯಲ್ಲೇ ಊಟ ಮಾಡಿದರು. ಅಪ್ಪ ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.